ಕೃಷ್ಣಮೂರ್ತಿಪುರಂನ ಮಿಲ್ಲಿನಲ್ಲಿ ಮಾಡಿಸಿದ ಮಗುವಿನ ಸರಿ ಹಿಟ್ಟು: ನಾಲ್ಕು ತಿಂಗಳ ಅನುಭವ

ನಮ್ಮ ಮಗಳಿಗೆ ಆರು ತಿಂಗಳು ತುಂಬಿದ್ದು ಕಳೆದ ಫೆಬ್ರವರಿಯಲ್ಲಿ. ಅಂದಿನಿಂದ ಈ ಜೂನ್‌ವರೆಗೆ ಅವಳು ತಿಂದ ರಾಗಿ ಸರಿಯ ಹಿಟ್ಟನ್ನೆಲ್ಲ ನಾವು ಮೈಸೂರಿನ ಕೃಷ್ಣಮೂರ್ತಿಪುರಂನ ಅಡ್ಡರಸ್ತೆಯೊಂದರಲ್ಲಿರುವ ಪುಟ್ಟ ಮಿಲ್ಲಿನಲ್ಲಿ ಮಾಡಿಸುತ್ತಿದ್ದೇವೆ. ಬಾಗಿಲ ಮೇಲಿನ ಫಲಕದಲ್ಲಿ ‘ಹಿಟ್ಟಿನ ಗಿರಣಿ’ ಎಂದಷ್ಟೇ ಬರೆದಿದೆ. ಸುತ್ತಲಿನ ಬೀದಿಗಳವರು ಅದನ್ನು ‘ಸರಿ ಹಿಟ್ಟಿನ ಮಿಲ್ಲು’ ಎಂದೇ ಕರೆಯುತ್ತಾರೆ. ಚಿಕ್ಕ ಮಗುವಿರುವ ಮನೆಯವರು ಹಿಟ್ಟು ಮಾಡಿಸಲು ಎಲ್ಲಿಗೆ ಹೋಗಬೇಕು, ಹೋದಮೇಲೆ ಏನು ಕೇಳಬೇಕು, ಏನನ್ನು ಬೇಡವೆನ್ನಬೇಕು ಎಂಬುದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಆದ್ದರಿಂದ ಈ ಮಿಲ್ಲಿನಲ್ಲಿ ಕಂಡದ್ದನ್ನೂ ಅಲ್ಲಿಂದ ತಂದ ಹಿಟ್ಟು ನಮ್ಮ ಅಡುಗೆಮನೆಯಲ್ಲಿ ಹೇಗೆ ನಡೆದುಕೊಂಡಿತು ಎಂಬುದನ್ನೂ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಇಷ್ಟು ಎಚ್ಚರ ನನಗೆ ಬಂದದ್ದು ದೊಡ್ಡ ಮಗನ ಕಾಲದಲ್ಲಿ. ನಾಲ್ಕು ವರ್ಷದ ಹಿಂದೆ ನಾವು ಊರಿನ ಇನ್ನೊಂದು ಕಡೆ ಬಾಡಿಗೆಗಿದ್ದೆವು. ನನ್ನ ಅತ್ತೆಯವರು ನಾಗಮಂಗಲದ ತಮ್ಮ ಮನೆಯಲ್ಲಿ ಮೊಳಕೆ ಕಟ್ಟಿ, ಒಣಗಿಸಿ, ಕೇರಿ, ಒಂದು ಕಲ್ಲೂ ಇಲ್ಲದಂತೆ ಮಾಡಿ ಕಳುಹಿಸಿದ್ದ ಎರಡು ಸೇರು ರಾಗಿಯನ್ನು ನಾನು ಮನೆಯ ಹತ್ತಿರದ ಒಂದು ಮಿಲ್ಲಿಗೆ ಕೊಟ್ಟು, ಸಂಜೆ ಆಫೀಸಿನಿಂದ ಬರುವಾಗ ಹಿಟ್ಟು ತೆಗೆದುಕೊಂಡು ಬಂದೆ. ನನ್ನ ಹೆಂಡತಿ ಮರುದಿನ ಬೆಳಿಗ್ಗೆ ಸರಿ ಕಾಯಿಸಿ ಒಂದು ಚಮಚ ಬಾಯಿಗಿಟ್ಟಳು. ಮಗು ಮುಖ ಕೆಂಪಗೆ ಮಾಡಿಕೊಂಡು, ನಾಲಿಗೆ ಹೊರಹಾಕಿ, ಉಸಿರು ಕಟ್ಟುವಂತೆ ಅತ್ತಿತು. ಅವಳು ತಾನೊಂದು ಚಮಚ ರುಚಿ ನೋಡಿದಾಗ ಗಂಟಲಲ್ಲಿ ಸಣ್ಣಗೆ ಉರಿ ಹತ್ತಿತು. ಅದೇ ಯಂತ್ರದಲ್ಲಿ ನಮಗಿಂತ ಮುಂಚೆ ಯಾರದೋ ಮನೆಯ ಸಾರಿನ ಪುಡಿಯನ್ನೋ ಒಣಮೆಣಸಿನಕಾಯಿಯನ್ನೋ ಬೀಸಿದ್ದರು. ಎರಡು ಸೇರು ಹಿಟ್ಟನ್ನೂ ಎತ್ತಿ ಹೊರಗೆ ಹಾಕಬೇಕಾಯಿತು. ಅದರ ಹಿಂದೆ ಅತ್ತೆಯವರ ನಾಲ್ಕು ದಿನಗಳ ಕೆಲಸವಿತ್ತು. ಅಂದು ನನಗೆ ಅರ್ಥವಾದದ್ದು ಒಂದೇ: ಮಗುವಿನ ಹಿಟ್ಟಿನಲ್ಲಿ ರಾಗಿ ಎಷ್ಟು ಮುಖ್ಯವೋ, ಆ ರಾಗಿಗಿಂತ ಮುಂಚೆ ಕಲ್ಲಿನೊಳಗೆ ಏನು ಹೋಗಿತ್ತು ಎಂಬುದೂ ಅಷ್ಟೇ ಮುಖ್ಯ.

ಕೃಷ್ಣಮೂರ್ತಿಪುರಂನ ಮಿಲ್ಲು ನನಗೆ ಹಿಡಿಸಿದ್ದು ಮೊದಲಿಗೆ ಈ ಕಾರಣದಿಂದಲೇ. ಒಳಗೆ ಮೂರು ಯಂತ್ರಗಳಿವೆ. ಖಾರದ ಪುಡಿ, ಅರಿಸಿನ, ಧನಿಯದ ಯಂತ್ರವನ್ನು ಹಿಂಬದಿಯ ಕೋಣೆಯಲ್ಲಿ ಇಟ್ಟು ನಡುವೆ ಬಾಗಿಲು ಹಾಕಿದ್ದಾರೆ. ಮುಂದಿನ ಅಂಗಳದಲ್ಲಿ ಗೋಧಿ ಮತ್ತು ಅಕ್ಕಿಯ ಕಲ್ಲು ಇದೆ. ಅದರ ಪಕ್ಕದ ಚಿಕ್ಕ ಕಲ್ಲನ್ನು ರಾಗಿಗೇ ಮೀಸಲಿಟ್ಟಿದ್ದಾರೆ. ಬುಧವಾರ ಮತ್ತು ಶನಿವಾರ ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಆ ಚಿಕ್ಕ ಕಲ್ಲಿನಲ್ಲಿ ಮಕ್ಕಳ ಹಿಟ್ಟನ್ನು ಬಿಟ್ಟು ಬೇರೇನನ್ನೂ ಬೀಸುವುದಿಲ್ಲ. ಹಿಂದಿನ ರಾತ್ರಿಯೇ ಯಂತ್ರದ ಬಾಯಿಯನ್ನೂ, ಹಿಟ್ಟು ಬೀಳುವ ಮೂತಿಗೆ ಕಟ್ಟುವ ಬಟ್ಟೆಯ ತೋಳನ್ನೂ ಕೊಡವಿ, ತೋಳನ್ನು ಒಗೆದು ಹಾಕಿರುತ್ತಾರೆ. ಬೆಳಿಗ್ಗೆ ಮೊದಲ ಗಿರಾಕಿಯ ರಾಗಿ ಸುರಿಯುವ ಮುಂಚೆ ಮಿಲ್ಲಿನವರು ತಮ್ಮದೇ ಒಂದು ಪಾವು ರಾಗಿ ಹಾಕಿ ಬೀಸಿ, ಆ ಹಿಟ್ಟನ್ನು ದನದ ಬೂಸಾ ಡಬ್ಬಕ್ಕೆ ಹಾಕುತ್ತಾರೆ. ಇದನ್ನು ನಾನು ಒಮ್ಮೆ ನೋಡಿ ಬರೆಯುತ್ತಿಲ್ಲ. ನಾಲ್ಕು ತಿಂಗಳಲ್ಲಿ ಏಳು ಸಲ ಹೋಗಿದ್ದೇನೆ. ಮೂರು ಸಲ ಬೇಕೆಂದೇ ಏಳಕ್ಕೆ ಮುಂಚೆ ಹೋಗಿ ನಿಂತಿದ್ದೇನೆ. ಮೂರೂ ಸಲ ಆ ಪಾವು ರಾಗಿ ಬೂಸಾ ಡಬ್ಬಕ್ಕೇ ಹೋಗಿದೆ.

ಇಲ್ಲಿ ಎರಡು ರೀತಿಯಲ್ಲಿ ಕೆಲಸ ಮಾಡಿಸಬಹುದು. ನಾವೇ ಮೊಳಕೆ ಕಟ್ಟಿ ಒಣಗಿಸಿದ ರಾಗಿಯನ್ನು ಒಯ್ದರೆ ಬೀಸಿ ಕೊಡುತ್ತಾರೆ. ಅದಕ್ಕೆ ಕೆಜಿಗೆ ಇಪ್ಪತ್ತು ರೂಪಾಯಿ, ಅಂದರೆ ಮಾಮೂಲಿ ರಾಗಿ ಹಿಟ್ಟಿಗೆ ಅವರು ತೆಗೆದುಕೊಳ್ಳುವುದರ ಎರಡರಷ್ಟು. ಇಲ್ಲವೇ ಐದು ದಿನ ಮುಂಚೆ ಹೇಳಿದರೆ, ಮಿಲ್ಲಿನ ಮಾಲೀಕರ ಮನೆಯಾಕೆ ರಾಗಿಯನ್ನು ತಾವೇ ಗಾಲಿಸಿ, ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹಿಟ್ಟು ಮಾಡಿ ಕೊಡುತ್ತಾರೆ; ಅದಕ್ಕೆ ರಾಗಿಯ ಬೆಲೆಯೂ ಸೇರಿ ಕೆಜಿಗೆ ಇನ್ನೂರ ಇಪ್ಪತ್ತು ರೂಪಾಯಿ. ಮೊದಲ ಎರಡು ಸಲ ನಮ್ಮದೇ ರಾಗಿ ಒಯ್ದೆವು. ನನ್ನ ಹೆಂಡತಿ ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಮರಳಿದ ಮೇಲೆ ಉಳಿದ ಐದು ಸಲ ಅವರಿಂದಲೇ ಮಾಡಿಸಿದೆವು.

ಮೊಳಕೆಯ ಕೆಲಸವನ್ನು ಇಲ್ಲಿ ಹೇಗೆ ಮಾಡುತ್ತಾರೆ ಎಂಬುದನ್ನು ಹತ್ತಿರದಿಂದ ನೋಡುವ ಅವಕಾಶ ಮಾರ್ಚ್‌ನಲ್ಲಿ ಸಿಕ್ಕಿತು. ಮಿಲ್ಲಿನ ಹಿಂದಿನ ಮೆಟ್ಟಿಲು ಹತ್ತಿದರೆ ಅವರ ಮನೆಯ ತಾರಸಿ. ರಾಗಿಯನ್ನು ಮೂರು ನೀರಿನಲ್ಲಿ ಗಾಲಿಸುವಾಗ ಆಕೆ ಪ್ರತಿ ಸಲವೂ ಪಾತ್ರೆಯ ತಳಕ್ಕೆ ಬೆರಳು ಹಾಕಿ ಮರಳು ಉಳಿದಿದೆಯೇ ಎಂದು ಮುಟ್ಟಿ ನೋಡುತ್ತಾರೆ. ರಾತ್ರಿಯೆಲ್ಲ ನೆನೆದ ರಾಗಿಯನ್ನು ಬಿಳಿಯ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ, ಮುಚ್ಚಿದ ಪಾತ್ರೆಯಲ್ಲಿಟ್ಟು, ದಿನಕ್ಕೆ ಮೂರು ಸಲ ನೀರು ಚಿಮುಕಿಸುತ್ತಾರೆ. ಚಳಿಗಾಲದಲ್ಲಿ ಎರಡು ದಿನ ಬೇಕಂತೆ. ಮಾರ್ಚ್‌ನ ಸೆಖೆಗೆ ಒಂದೂವರೆ ದಿನಕ್ಕೇ ಬಿಳಿಯ ಬೇರು ಕಾಳಿನಿಂದ ಹೊರಬಂದು, ಬಟ್ಟೆಯ ನೇಯ್ಗೆಯ ಸಂದುಗಳಲ್ಲಿ ಸಿಕ್ಕಿಕೊಂಡು, ಗಂಟು ಬಿಚ್ಚಿದಾಗ ಇಡೀ ರಾಗಿ ಒಂದು ಮೆತ್ತನೆಯ ಬಿಲ್ಲೆಯ ಹಾಗೆ ಎದ್ದು ಬಂತು. ಅದನ್ನು ಬೆರಳಿನಿಂದ ಬಿಡಿಸಿ, ತೆಳುವಾಗಿ ಹರಡಿ, ಧೂಳು ಮತ್ತು ಹಕ್ಕಿಗಳಿಂದ ಕಾಯಲು ಮೇಲೊಂದು ಹಳೆಯ ಮಲ್‌ಮಲ್ ಬಟ್ಟೆ ಹೊದಿಸಿ ಎರಡು ದಿನ ಬಿಸಿಲಿಗೆ ಬಿಡುತ್ತಾರೆ. ಒಣಗಿದ ಮೇಲೆ ಎರಡು ಅಂಗೈ ನಡುವೆ ತಿಕ್ಕಿದರೆ ಬೇರುಗಳೆಲ್ಲ ಉದುರುತ್ತವೆ. ಮೊರದಲ್ಲಿ ಕೇರಿ ಅವನ್ನು ಹಾರಿಸುತ್ತಾರೆ. ಬೇರು ಉಳಿದರೆ ಹಿಟ್ಟು ಕಹಿ ಎನ್ನುತ್ತಾರೆ ಆಕೆ. ನಾವು ಮನೆಯಲ್ಲಿ ಮಾಡಿದಾಗ ಈ ಹಂತವನ್ನು ಅವಸರದಲ್ಲಿ ಮುಗಿಸಿದ್ದೆವು. ಆ ಹಿಟ್ಟಿನ ಕೊನೆಯಲ್ಲಿ ಸಣ್ಣ ಕಹಿ ಇದ್ದದ್ದು ನಿಜ.

ಮೊಳಕೆ ಕಟ್ಟುವುದು ಬರಿಯ ಸಂಪ್ರದಾಯ ಎಂದು ನಾನು ಬಹಳ ದಿನ ತಿಳಿದಿದ್ದೆ. ನಮ್ಮ ಊರಿನಲ್ಲೇ, ಚೆಲುವಾಂಬ ವಿಲಾಸದ ಅರಮನೆಯಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ರಾಗಿಯ ಮೊಳಕೆ ಹಿಟ್ಟಿನ ಮೇಲೆ, ಅದರಲ್ಲೂ ಹಾಲು ಬಿಡಿಸುವ ಕಾಲದ ಮಕ್ಕಳ ಆಹಾರವಾಗಿ ಅದನ್ನು ಬಳಸುವುದರ ಮೇಲೆ, ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಅವರ ಕೆಲಸದ ತಿರುಳು ಅಡುಗೆಮನೆಯಲ್ಲೇ ಪರೀಕ್ಷಿಸಿ ನೋಡಬಹುದಾದದ್ದು. ಕಾಳು ಮೊಳೆಯುವಾಗ ಅದರೊಳಗೆ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಆ ಕಿಣ್ವ ಪಿಷ್ಟವನ್ನು ತುಂಡರಿಸುತ್ತದೆ. ಹಾಗಾಗಿ ಮೊಳಕೆ ಹಿಟ್ಟಿನ ಸರಿ ಕಾದಾಗ ಹೆಚ್ಚು ಗಟ್ಟಿಯಾಗುವುದಿಲ್ಲ. ಒಂದು ಭಾನುವಾರ ಎರಡು ಪಾತ್ರೆಗಳಲ್ಲಿ ತಲಾ 200 ಮಿಲಿಲೀಟರ್ ನೀರಿಗೆ 20 ಗ್ರಾಂ ಹಿಟ್ಟು ಕದಡಿ ಒಂದೇ ಉರಿಯಲ್ಲಿ ಕಾಯಿಸಿದೆ. ಮಾಮೂಲಿ ರಾಗಿ ಹಿಟ್ಟಿನದು ಚಮಚದಿಂದ ಇಳಿಯದಷ್ಟು ಗಟ್ಟಿಯಾಯಿತು. ಮಿಲ್ಲಿನ ಮೊಳಕೆ ಹಿಟ್ಟಿನದು ನೀರು ಮಜ್ಜಿಗೆಗಿಂತ ಸ್ವಲ್ಪ ದಪ್ಪವಾಗಿ ನಿಂತಿತು. ಮಗುವಿಗೆ ಕೊಡುವ ಹದಕ್ಕೆ ತರಲು ಮೊದಲನೆಯದಕ್ಕೆ ಇನ್ನೊಂದು ಲೋಟ ನೀರು ಬೇಕಾಯಿತು, ಎರಡನೆಯದಕ್ಕೆ ಇನ್ನೂ ಎರಡು ಚಮಚ ಹಿಟ್ಟು ಬೇಕಾಯಿತು. ಆರು ತಿಂಗಳ ಮಗುವಿನ ಹೊಟ್ಟೆ ಹಿಡಿಯುವುದು ಎಷ್ಟು? ಅಷ್ಟೇ ಜಾಗದಲ್ಲಿ ನೀರು ತುಂಬುವುದೋ ಹಿಟ್ಟು ತುಂಬುವುದೋ ಎಂಬುದು ಆ ಮಗುವಿನ ತೂಕದ ಪ್ರಶ್ನೆ. ಚುಚ್ಚುಮದ್ದಿಗೆ ಹೋದಾಗ ಆರೋಗ್ಯ ಕೇಂದ್ರದ ದಾದಿಯೊಬ್ಬರು ಚಮಚ ಓರೆ ಮಾಡಿದರೆ ಸರಿ ಹರಿದು ಬೀಳಬಾರದು, ನಿಧಾನವಾಗಿ ಜಾರಬೇಕು ಎಂದು ಹದ ತೋರಿಸಿಕೊಟ್ಟಿದ್ದರು. ಮೊಳಕೆ ಹಿಟ್ಟಿನಲ್ಲಿ ಆ ಹದಕ್ಕೆ ಹೆಚ್ಚು ರಾಗಿ ಹಿಡಿಯುತ್ತದೆ.

ಇಲ್ಲಿಯೇ ಈ ಮಿಲ್ಲಿನ ಬಗ್ಗೆ ನನ್ನ ಮೊದಲ ತಕರಾರನ್ನೂ ಹೇಳಬೇಕು. ಏನೂ ಹೇಳದೆ ಬಿಟ್ಟರೆ ಅವರು ಒಣಗಿದ ಮೊಳಕೆ ರಾಗಿಯನ್ನು ದಪ್ಪ ತಳದ ಬಾಣಲೆಯಲ್ಲಿ ಘಮ ಬರುವವರೆಗೆ ಚೆನ್ನಾಗಿ ಹುರಿದೇ ಬೀಸುತ್ತಾರೆ. ಗಿರಾಕಿಗಳಲ್ಲಿ ಹೆಚ್ಚಿನವರು ಅಜ್ಜಿಯರು. ಅವರಿಗೆ ಆ ಘಮ ಬೇಕು, ಅದು ಬರದಿದ್ದರೆ ಹಿಟ್ಟು ಹಸಿ ಎಂದು ವಾಪಸ್ ತರುತ್ತಾರಂತೆ. ಆದರೆ ಜೋರಾಗಿ ಹುರಿದಷ್ಟೂ ಆ ಕಿಣ್ವ ಸಾಯುತ್ತದೆ, ಮೊಳಕೆ ಕಟ್ಟಿದ ಶ್ರಮದ ಅರ್ಧ ಲಾಭ ಬಾಣಲೆಯಲ್ಲೇ ಕಳೆದುಹೋಗುತ್ತದೆ. ಮೂರನೆಯ ಸಲ ತಂದ ಹಿಟ್ಟು ಮಾಮೂಲಿ ಹಿಟ್ಟಿನಂತೆಯೇ ಗಂಟು ಕಟ್ಟಿ ಗಟ್ಟಿಯಾದಾಗ ನನಗೆ ಅನುಮಾನ ಬಂದು ಕೇಳಿದೆ. ಆ ಸಲ ಹುರಿದದ್ದು ಸ್ವಲ್ಪ ಹೆಚ್ಚೇ ಆಗಿತ್ತೆಂದು ಆಕೆ ಮುಚ್ಚಿಡದೆ ಒಪ್ಪಿಕೊಂಡರು. ಅಲ್ಲಿಂದ ಮುಂದೆ ‘ಬೆಚ್ಚಗೆ ಮಾಡಿದರೆ ಸಾಕು, ಬಣ್ಣ ತಿರುಗಬಾರದು’ ಎಂದು ಬರೆಸುತ್ತೇನೆ. ಹೀಗೆ ಮಾಡಿಸಿದ ಹಿಟ್ಟನ್ನು ಕುದಿಯುವ ನೀರಿಗೆ ಹಾಕಬಾರದು, ತಣ್ಣೀರಿನಲ್ಲಿ ಕದಡಿ ಸಣ್ಣ ಉರಿಯಲ್ಲಿ ನಿಧಾನವಾಗಿ ಬಿಸಿಯೇರಿಸಬೇಕು ಎಂಬುದನ್ನು ಆಕೆಯೇ ಹೇಳಿಕೊಟ್ಟರು. ಕಾರಣವನ್ನು ಅವರು ಹೇಳಲಿಲ್ಲ, ಆದರೆ ಕಾರಣ ಇದೆ: ನೀರು ಬಿಸಿಯೇರುತ್ತಾ ಹೋಗುವ ಆ ನಾಲ್ಕಾರು ನಿಮಿಷಗಳಲ್ಲಿಯೇ ಕಿಣ್ವ ತನ್ನ ಕೆಲಸ ಮಾಡುವುದು, ಕುದಿಗೆ ಬಂದಮೇಲೆ ಅದು ಉಳಿಯುವುದಿಲ್ಲ. ಆಮೇಲೆ ಚೆನ್ನಾಗಿ ಕುದಿಸಿಯೇ ಇಳಿಸಬೇಕು, ಏಕೆಂದರೆ ಮೊಳಕೆ ಕಾಳಿನಲ್ಲಿ ಎರಡು ದಿನ ತೇವವಿದ್ದು ಸೂಕ್ಷ್ಮಜೀವಿಗಳೂ ಬೆಳೆದಿರುತ್ತವೆ.

ಎರಡನೆಯ ತಕರಾರು ಬೆರಕೆಯದು. ಬಾಗಿಲ ಬಳಿಯ ಗಾಜಿನ ಕಪಾಟಿನಲ್ಲಿ ‘ಎಲ್ಲಾ ಸೇರಿಸಿದ ಸರಿ ಹಿಟ್ಟು’ ಎಂಬ ಪೊಟ್ಟಣಗಳಿವೆ. ರಾಗಿ, ಗೋಧಿ, ಅಕ್ಕಿ, ಹೆಸರುಬೇಳೆ, ಕಡಲೆ, ಕಡಲೆಕಾಯಿ ಬೀಜ, ಬಾದಾಮಿ, ಗೋಡಂಬಿ, ಏಲಕ್ಕಿ ಎಲ್ಲ ಅದರಲ್ಲಿವೆ. ನೋಡಿದವರಿಗೆ ಅದೇ ಪುಷ್ಟಿಕರ ಎನಿಸುತ್ತದೆ, ನೆಂಟರು ಉಡುಗೊರೆಯಾಗಿ ಕೊಂಡುಹೋಗುವುದೂ ಅದನ್ನೇ. ಮೊದಲ ಸಲ ಅನ್ನ ತಿನ್ನುತ್ತಿರುವ ಮಗುವಿಗೆ ಅದನ್ನು ನಾನು ಯಾರಿಗೂ ಶಿಫಾರಸು ಮಾಡಲಾರೆ. ಹೊಸ ಪದಾರ್ಥವನ್ನು ಒಂದೊಂದಾಗಿ, ನಡುವೆ ಮೂರು ದಿನ ಬಿಟ್ಟು ಕೊಟ್ಟರೆ ಯಾವುದು ಮೈಗೆ ಆಗದು ಎಂದು ತಿಳಿಯುತ್ತದೆ. ಒಂಬತ್ತು ಪದಾರ್ಥ ಒಟ್ಟಿಗೆ ಹೋದರೆ ಮಗುವಿನ ಮೈಮೇಲೆ ದದ್ದು ಎದ್ದಾಗ ಯಾವುದನ್ನು ದೂರುವುದು? ನಾವು ಮೊದಲ ಮೂರು ವಾರ ಬರಿಯ ರಾಗಿ ಕೊಟ್ಟೆವು, ಆಮೇಲೆ ಹೆಸರುಬೇಳೆಯನ್ನು ಬೇರೆಯಾಗಿ ಬೇಯಿಸಿ ಸೇರಿಸಿದೆವು. ಕೇಳಿದವರಿಗೆ ಮಿಲ್ಲಿನವರು ಬರಿಯ ರಾಗಿಯದನ್ನು ಸಂತೋಷದಿಂದಲೇ ಮಾಡಿಕೊಡುತ್ತಾರೆ ಎಂಬುದನ್ನು ಹೇಳಲೇಬೇಕು. ಆದರೆ ಕಪಾಟಿನ ಪೊಟ್ಟಣಗಳ ಮೇಲೆ ಹಿಟ್ಟು ಮಾಡಿದ ದಿನಾಂಕ ಇಲ್ಲ, ಒಳಗೇನಿದೆ ಎಂದು ಬರೆದಿಲ್ಲ. ಅದು ದೊಡ್ಡ ಕೊರತೆ. ಮಕ್ಕಳಿಗಾಗಿಯೇ ಇಷ್ಟು ಜಾಗ್ರತೆ ವಹಿಸುವವರು ಒಂದು ಚೀಟಿ ಅಂಟಿಸುವ ಕೆಲಸವನ್ನು ಬಿಡಬಾರದು ಎಂದು ನಾನು ಅವರಿಗೆ ಎರಡು ಸಲ ಹೇಳಿದ್ದೇನೆ. ಪೊಟ್ಟಣಗಳ ಪಕ್ಕದಲ್ಲೇ ಜೋನಿಬೆಲ್ಲ ಮತ್ತು ಜೇನುತುಪ್ಪದ ಬಾಟಲಿಗಳನ್ನೂ ಜೋಡಿಸಿದ್ದಾರೆ; ವರ್ಷ ತುಂಬದ ಮಗುವಿಗೆ ಜೇನು ಕೊಡಬಾರದು, ಅದರಿಂದ ಬಾಟ್ಯುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು. ನಮ್ಮ ಮನೆಯಲ್ಲೇ ಅತ್ತೆಯವರಿಗೆ ಇದನ್ನು ಒಪ್ಪಿಸಲು ಮಕ್ಕಳ ವೈದ್ಯರ ಬಾಯಿಂದಲೇ ಹೇಳಿಸಬೇಕಾಯಿತು.

ರಾಗಿ ಎಲ್ಲಿಯದು ಎಂದು ಕೇಳಿದರೆ ಮಾಲೀಕರು ಚೀಲ ತೋರಿಸಿ ಹೇಳುತ್ತಾರೆ. ನಾಗಮಂಗಲ, ಕೆ.ಆರ್. ಪೇಟೆ ಕಡೆಯ ಮಳೆಯಾಶ್ರಿತ ಹೊಲಗಳ ರಾಗಿಯನ್ನು ಸಂಕ್ರಾಂತಿ ಕಳೆದ ಮೇಲೆ, ಕಣದ ಕೆಲಸ ಮುಗಿದಾಗ, ವರ್ಷಕ್ಕಾಗುವಷ್ಟು ಕೊಂಡಿಡುತ್ತಾರೆ. ರಾಗಿಗೆ ಹುಳು ಬೀಳುವುದು ಕಡಿಮೆ, ಸರಿಯಾಗಿ ಒಣಗಿಸಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಭಾರತದ ಮತ್ತು ಆಫ್ರಿಕಾದ ತಳಿಗಳನ್ನು ಕೂಡಿಸಿ ‘ಇಂಡಾಫ್’ ರಾಗಿಗಳನ್ನು ರೂಪಿಸಿದ ರಾಗಿ ಲಕ್ಷ್ಮಣಯ್ಯನವರ ಹೆಸರನ್ನು ಅವರು ಇವತ್ತಿಗೂ ಎತ್ತುತ್ತಾರೆ. ನನ್ನ ಮಾವನವರ ಹೊಲದಲ್ಲೂ ಒಂದು ಕಾಲಕ್ಕೆ ಇಂಡಾಫ್ ತೆನೆಗಳೇ ಇದ್ದವು ಎಂಬುದು ಆ ದಿನ ಅತ್ತೆಯವರಿಗೆ ಫೋನು ಮಾಡಿದಾಗ ತಿಳಿಯಿತು. ಮಗುವಿನ ಹಿಟ್ಟಿಗೆ ಯಾವ ತಳಿಯಾದರೂ ಆದೀತು. ಹೊಸ ರಾಗಿ, ಒಂದೇ ವರ್ಷದ ಬೆಳೆ ಆಗಿದ್ದರೆ ಮೊಳಕೆ ಒಂದೇ ಸಮನೆ ಬರುತ್ತದೆ ಎಂಬುದಷ್ಟೇ ಅವರ ಆಗ್ರಹ. ಮೊಳೆಯದ ಕಾಳು ಉಳಿದರೆ ಅದು ಗಂಟಿನೊಳಗೆ ಹುಳಿ ಬರುತ್ತದೆ.

ಹಿಟ್ಟಿನ ನುಣುಪಿನ ವಿಷಯದಲ್ಲಿ ಈ ಮಿಲ್ಲಿಗೆ ಪೂರ್ಣ ಅಂಕ ಕೊಡುತ್ತೇನೆ. ಕಲ್ಲಿಗೆ ಮುಳ್ಳು ಹಾಕಿಸಿದ ಹೊಸದರಲ್ಲಿ ಒಂದು ವಾರ ಮಕ್ಕಳ ಹಿಟ್ಟನ್ನು ಅದರಲ್ಲಿ ಬೀಸುವುದಿಲ್ಲ, ಕಲ್ಲಿನ ಪುಡಿ ಉದುರುತ್ತದೆ ಎಂದು ಏಪ್ರಿಲ್‌ನಲ್ಲಿ ನನ್ನನ್ನೇ ವಾಪಸ್ ಕಳುಹಿಸಿದರು. ಅಂದು ನನಗೆ ಬೇಸರವಾಯಿತು. ಮನೆಯಲ್ಲಿ ಎರಡು ದಿನಕ್ಕಾಗುವಷ್ಟೇ ಹಿಟ್ಟಿತ್ತು. ಆದರೆ ಒಬ್ಬ ಗಿರಾಕಿಯ ಹಣವನ್ನು ಬಿಟ್ಟು ಕಳುಹಿಸುವ ಮಿಲ್ಲನ್ನು ನಾನು ಅದೇ ಮೊದಲು ನೋಡಿದ್ದು. ಬೀಸಿದ ಹಿಟ್ಟನ್ನು ತೆಳು ಬಟ್ಟೆಯಲ್ಲಿ ಜರಡಿ ಹಿಡಿದೇ ಕೊಡುತ್ತಾರೆ. ಮೊದಲ ತಿಂಗಳ ಹಿಟ್ಟನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿದರೆ ಕಾಡಿಗೆಯಂತೆ ಹತ್ತಿಕೊಳ್ಳುತ್ತಿತ್ತು, ತರಿಯೇ ಇರಲಿಲ್ಲ. ಜರಡಿಯ ಮೇಲೆ ಉಳಿದ ಕಂದು ಹೊಟ್ಟನ್ನು ಎಸೆಯುವುದಿಲ್ಲ, ಬೇರೆ ಚೀಲಕ್ಕೆ ಹಾಕಿ ಗಿರಾಕಿಗೇ ಕೊಡುತ್ತಾರೆ. ಅದು ಸರಿಯಾದ ಪದ್ಧತಿ, ಏಕೆಂದರೆ ರಾಗಿಯ ಸುಣ್ಣದಂಶದ ಒಳ್ಳೆಯ ಪಾಲು ಇರುವುದು ಆ ಸಿಪ್ಪೆಯಲ್ಲೇ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಸುಣ್ಣದಂಶವಿದೆ. ಅಷ್ಟೇ ಅಕ್ಕಿಯಲ್ಲಿ 10 ಮಿಲಿಗ್ರಾಂ ಕೂಡ ಇಲ್ಲ. ಹೊಟ್ಟನ್ನು ನಾವು ರೊಟ್ಟಿ ಹಿಟ್ಟಿಗೆ ಕಲಸಿ ದೊಡ್ಡ ಮಗನಿಗೂ ಕೊಟ್ಟು ನಾವೂ ತಿನ್ನುತ್ತೇವೆ.

ಇಷ್ಟು ಹೊಗಳಿದ ಮೇಲೆ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು: ಎಷ್ಟೇ ಒಳ್ಳೆಯ ಸರಿ ಹಿಟ್ಟಾದರೂ ಅದೊಂದೇ ಮಗುವಿಗೆ ಸಾಲದು. ಮಿಲ್ಲಿನ ಮುಂದಿನ ಬೆಂಚಿನ ಮೇಲೆ ಕುಳಿತ ಅಜ್ಜಿಯರಿಂದ ‘ರಾಗಿ ಕೊಟ್ಟರೆ ರಕ್ತ ತಾನಾಗಿ ಬರುತ್ತದೆ’ ಎಂಬ ಮಾತನ್ನು ನಾನು ಹಲವು ಸಲ ಕೇಳಿದ್ದೇನೆ. ಅದೇ ಕೋಷ್ಟಕದಲ್ಲಿ ರಾಗಿಯ ಕಬ್ಬಿಣ 100 ಗ್ರಾಂಗೆ ನಾಲ್ಕೂವರೆ ಮಿಲಿಗ್ರಾಂ ಆಸುಪಾಸು ಮಾತ್ರ. ಸಿಪ್ಪೆಯಲ್ಲಿರುವ ಫೈಟೇಟ್ ಮತ್ತು ಟ್ಯಾನಿನ್‌ಗಳು ಅದನ್ನೂ ಪೂರ್ತಿ ಮೈಗೆ ಹತ್ತಲು ಬಿಡುವುದಿಲ್ಲ. ಮೊಳಕೆ ಕಟ್ಟಿದರೆ ಆ ತಡೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ವೈದ್ಯರು ಬರೆದ ಕಬ್ಬಿಣದ ಹನಿಯನ್ನು ನಾವು ಒಂದು ದಿನವೂ ತಪ್ಪಿಸಿಲ್ಲ. ಬೇಳೆ, ಸೊಪ್ಪು, ಮೊಟ್ಟೆಯ ಹಳದಿ ಎಲ್ಲವೂ ಒಂದೊಂದಾಗಿ ಸರಿಯ ಪಕ್ಕಕ್ಕೆ ಬಂದಿವೆ, ಎದೆಹಾಲು ನಡೆದೇ ಇದೆ.

ಹಿಟ್ಟನ್ನು ಎಷ್ಟು ಮಾಡಿಸಬೇಕು ಎಂಬಲ್ಲಿ ನಮಗೆ ಪೆಟ್ಟು ಬಿದ್ದೇ ಬುದ್ಧಿ ಬಂತು. ಮೇ ತಿಂಗಳಲ್ಲಿ, ಮತ್ತೆ ಮತ್ತೆ ಹೋಗುವುದೇಕೆಂದು ಎರಡು ಕೆಜಿ ಒಟ್ಟಿಗೆ ಮಾಡಿಸಿದೆ. ಆ ವಾರ ಸಂಜೆಯಾದರೆ ಗುಡುಗು ಮಳೆ. ತಾರಸಿಯ ರಾಗಿ ಎರಡು ದಿನದ ಬದಲು ನಾಲ್ಕು ದಿನ ಒಣಗಿತ್ತು, ಅದನ್ನು ಅವರು ನನಗೆ ಹೇಳಿಯೂ ಇದ್ದರು. ಮೂರನೆಯ ವಾರ ಡಬ್ಬದ ಮುಚ್ಚಳ ತೆಗೆದಾಗ ಮುಗ್ಗಲು ವಾಸನೆ ಮೂಗಿಗೆ ಬಡಿಯಿತು. ಕಣ್ಣಿಗೆ ಏನೂ ಕಾಣಲಿಲ್ಲ, ಆದರೆ ಅಂಗೈಯಲ್ಲಿ ಮುಷ್ಟಿ ಕಟ್ಟಿದಾಗ ಹಿಟ್ಟು ಉದುರದೆ ಹಾಗೆಯೇ ನಿಂತಿತು. ಉಳಿದ ಒಂದು ಕೆಜಿಗೂ ಹೆಚ್ಚು ಹಿಟ್ಟನ್ನು ಎಸೆದೆ. ಬೂಷ್ಟಿನ ವಿಷವು ಕುದಿಸಿದರೆ ಹೋಗುವಂಥದ್ದಲ್ಲ, ಮಗುವಿನ ವಿಷಯದಲ್ಲಿ ಅನುಮಾನವಿದ್ದರೆ ಎಸೆಯುವುದೇ ಸರಿ. ಈ ಸಲದ ತಪ್ಪು ನಮ್ಮದೇ ಹೆಚ್ಚು. ಅಲ್ಲಿಂದ ಅರ್ಧ ಕೆಜಿಗಿಂತ ಹೆಚ್ಚು ಬರೆಸುವುದಿಲ್ಲ. ಮನೆಗೆ ತಂದ ಕೂಡಲೇ ಹಿಟ್ಟನ್ನು ಅಗಲ ತಟ್ಟೆಯಲ್ಲಿ ಹರಡಿ, ಕಲ್ಲಿನ ಬಿಸಿ ಪೂರ್ತಿ ಆರಿದ ಮೇಲೆಯೇ ಒಣ ಸ್ಟೀಲ್ ಡಬ್ಬಕ್ಕೆ ತುಂಬುತ್ತೇವೆ. ಬಿಸಿ ಹಿಟ್ಟನ್ನು ಮುಚ್ಚಿಟ್ಟರೆ ಮುಚ್ಚಳದ ಒಳಗೆ ನೀರು ಬೆವರುತ್ತದೆ. ಜೂನ್‌ನ ಜಡಿಮಳೆ ಶುರುವಾದ ಮೇಲೆ ಮಿಲ್ಲಿನವರೇ ಮೊಳಕೆಯ ಆರ್ಡರನ್ನು ವಾರಕ್ಕೆ ಐದು ಮನೆಗೆ ಮಿತಿಗೊಳಿಸಿದ್ದಾರೆ, ಆದ್ದರಿಂದ ಹೋಗುವವರು ಮುಂಚಿತವಾಗಿ ಹೇಳಿಯೇ ಹೋಗುವುದು ಒಳ್ಳೆಯದು.

ಮಕ್ಕಳನ್ನು ಜೊತೆಗೆ ಕರೆದೊಯ್ಯುವವರಿಗೆ ಒಂದು ಎಚ್ಚರಿಕೆ. ಬೇಸಿಗೆ ರಜೆಯಲ್ಲಿ ನಾಲ್ಕೂವರೆ ವರ್ಷದ ಮಗ ಪ್ರತಿ ಸಲವೂ ನನ್ನ ಜೊತೆ ಬರುತ್ತಿದ್ದ. ಅವನಿಗೆ ಮಿಲ್ಲಿಗಿಂತ ದೊಡ್ಡ ಸಂಭ್ರಮವಿಲ್ಲ: ಬಟ್ಟೆಯ ತೋಳು ಗಾಳಿ ತುಂಬಿ ಉಬ್ಬುವುದು, ಅದರಿಂದ ಬೆಚ್ಚನೆಯ ಹಿಟ್ಟು ಡಬ್ಬಕ್ಕೆ ಸುರಿಯುವುದು, ಮಾಲೀಕರ ಹುಬ್ಬಿನ ಮೇಲೆಲ್ಲ ಬಿಳಿ ಕೂತಿರುವುದು. ‘ತಂಗಿ ಹಿಟ್ಟು ಬಿಸಿ ಇದೆ’ ಎಂದು ಅಂಗೈ ಒಡ್ಡಿ ನಿಲ್ಲುತ್ತಿದ್ದ. ಆದರೆ ಗೋಧಿ ಯಂತ್ರದ ಬೆಲ್ಟಿನ ಒಂದು ಬದಿಗೆ ಮಾತ್ರ ತಗಡಿನ ಮರೆ ಇದೆ, ಗಿರಾಕಿಗಳು ನಿಲ್ಲುವ ಕಡೆ ಅದು ತೆರೆದೇ ಇದೆ. ನಾನು ಅವನ ಕೈ ಬಿಡುವುದೇ ಇಲ್ಲ. ಮರೆ ಹಾಕಿಸಿ ಎಂದು ಕೇಳಿಕೊಂಡೆ, ಹಾಕಿಸುತ್ತೇವೆ ಎಂದರು, ಇನ್ನೂ ಹಾಕಿಸಿಲ್ಲ. ಇದೊಂದು ಕೊರತೆಗೆ ನಾನು ಅರ್ಧ ಅಂಕವನ್ನಲ್ಲ, ಪೂರಾ ಒಂದು ಅಂಕವನ್ನು ಕಳೆಯುತ್ತೇನೆ. ಮಕ್ಕಳಿರುವ ಮನೆಗಳೇ ಬರುವ ಜಾಗದಲ್ಲಿ ಅದು ಮೊದಲ ದಿನವೇ ಆಗಬೇಕಿದ್ದ ಕೆಲಸ. ಹಸುಗೂಸನ್ನು ಒಳಗೆ ಎತ್ತಿಕೊಂಡು ಹೋಗಲೂ ಬೇಡಿ. ಹಿಟ್ಟಿನ ಧೂಳು ಮತ್ತು ಮೋಟರಿನ ಸದ್ದು ಎರಡೂ ಮಗುವಿಗೆ ಒಳ್ಳೆಯದಲ್ಲ.

ಉಳಿದ ಅನುಕೂಲಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಫೋನಿನಲ್ಲೇ ಹಣ ಕೊಡಬಹುದು. ಸ್ಕೂಟರ್ ನಿಲ್ಲಿಸಲು ಜಾಗವಿದೆ. ಕರೆಂಟು ಹೋದರೆ ಕಾಯಲೇಬೇಕು, ಒಮ್ಮೆ ನಾನು ಮುಕ್ಕಾಲು ಗಂಟೆ ಕಾದೆ.

ಇನ್ನೂರ ಇಪ್ಪತ್ತು ರೂಪಾಯಿ ಹೆಚ್ಚೇ ಎಂದು ನನ್ನ ಹೆಂಡತಿಯ ತಂಗಿ ಮಂಡ್ಯದಿಂದ ಕೇಳಿದಳು. ರಾಗಿಯ ಬೆಲೆಗೆ ಹೋಲಿಸಿದರೆ ಹೆಚ್ಚೇ. ಆದರೆ ನಮ್ಮಿಬ್ಬರಿಗೂ ಬೆಳಿಗ್ಗೆ ಎಂಟೂವರೆಗೆ ಮನೆ ಬಿಡುವ ಕೆಲಸಗಳಿವೆ, ತಾರಸಿಯಲ್ಲಿ ರಾಗಿ ಕಾಯುವವರು ಮನೆಯಲ್ಲಿ ಯಾರೂ ಇಲ್ಲ. ಅರ್ಧ ಕೆಜಿಗೆ ನೂರ ಹತ್ತು ರೂಪಾಯಿ ಕೊಟ್ಟರೆ, ಐದು ದಿನಗಳ ಕೆಲಸವನ್ನು ನನ್ನ ಅತ್ತೆಯವರಷ್ಟೇ ಶ್ರದ್ಧೆಯಿಂದ ಇನ್ನೊಬ್ಬರು ಮಾಡಿಕೊಡುತ್ತಾರೆ, ಅದನ್ನು ನನ್ನ ಕಣ್ಣೆದುರೇ ಬೀಸುತ್ತಾರೆ. ನಾನು ಹಣ ಕೊಡುವುದು ಮುಖ್ಯವಾಗಿ ಆ ಕಣ್ಣೆದುರಿಗೆ. ಮನೆಯಲ್ಲಿ ಹಿರಿಯರೂ ಬಿಸಿಲು ಬೀಳುವ ತಾರಸಿಯೂ ಇರುವವರು ರಾಗಿಯನ್ನು ತಾವೇ ಸಿದ್ಧಪಡಿಸಿ, ಬೀಸಲು ಮಾತ್ರ ಇಲ್ಲಿಗೆ ತರಲಿ.

ಕಳೆದ ಶನಿವಾರ ಹೋದಾಗ ಆಕೆ ಮೊದಲು ಕೇಳಿದ್ದು ‘ಹಲ್ಲು ಬಂತಾ?’ ಎಂದು. ಕೆಳಗಡೆ ಎರಡು ಬಂದಿವೆ ಎಂದೆ. ಹಾಗಾದರೆ ಇನ್ನು ಬಟ್ಟೆಯ ಜರಡಿ ಬೇಡ, ಹತ್ತು ತಿಂಗಳ ಮಗುವಿಗೆ ಸ್ವಲ್ಪ ತರಿ ನಾಲಿಗೆಗೆ ಸಿಗಬೇಕು, ಇಲ್ಲದಿದ್ದರೆ ಮುಂದೆ ಅನ್ನ ಅಗಿಯಲು ಹಟ ಮಾಡುತ್ತದೆ ಎಂದು ತಾವೇ ತೀರ್ಮಾನಿಸಿ ಗೋಡೆಯ ಮೊಳೆಯಿಂದ ತಂತಿಯ ಸಣ್ಣ ಜರಡಿಯನ್ನು ತೆಗೆದುಕೊಂಡರು. ಮನೆಗೆ ಬಂದು ಕಾಯಿಸಿದ ಸರಿಯಲ್ಲಿ ಮೊದಲ ಬಾರಿಗೆ ಕಂದು ಚುಕ್ಕಿಗಳು ಕಂಡವು. ಮಗಳು ಮೊದಲ ಚಮಚವನ್ನು ಬಾಯಲ್ಲೇ ಇಟ್ಟುಕೊಂಡು, ನಾಲಿಗೆಯನ್ನು ಆ ಎರಡು ಹಲ್ಲಿಗೆ ತಾಗಿಸಿ ತಾಗಿಸಿ ನೋಡಿ, ನುಂಗಿ, ಮತ್ತೆ ಬಾಯಿ ತೆರೆದಳು.